ಎಸ್‌ಆರ್-22 ಎಂಬ ಒಂದು ಹಾಳೆ: ಅಮಾನತು ಮುಗಿದ ಮೇಲೆ ಕಾರಿಗೆ ವಿಮೆ ಹುಡುಕಿದ್ದು

2025ರ ಮಾರ್ಚ್ ತಿಂಗಳಲ್ಲಿ ನನ್ನ ಚಾಲನಾ ಪರವಾನಗಿಯ ಅಮಾನತಿಗೆ ಒಂದು ವರ್ಷ ತುಂಬಿತು. ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಗೆ, ಅಂದರೆ ಇಲ್ಲಿ ಎಲ್ಲರೂ ಡಿಎಂವಿ ಎಂದು ಕರೆಯುವ ಕಚೇರಿಗೆ, 55 ಡಾಲರ್ ಮರುವಿತರಣಾ ಶುಲ್ಕವನ್ನು ಕಟ್ಟಿದರೆ ಲೈಸೆನ್ಸು ಮರಳಿ ಬರುತ್ತದೆ, ಆಮೇಲೆ ನಿಧಾನವಾಗಿ ನಾಲ್ಕು ಕಡೆ ವಿಚಾರಿಸಿ ಕಾರಿನ ವಿಮೆ ಮಾಡಿಸಿಕೊಂಡರಾಯಿತು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನನ್ನ ಲೆಕ್ಕ ತಿರುವುಮುರುವಾಗಿತ್ತು. ವಿಮೆ ಮೊದಲು, ಲೈಸೆನ್ಸು ಆಮೇಲೆ. ಅದೂ ಬರಿಯ ವಿಮೆಯಲ್ಲ, ಆ ವಿಮೆ ಜಾರಿಯಲ್ಲಿದೆ ಎಂದು ಕಂಪನಿಯೇ ಡಿಎಂವಿಗೆ ನೇರವಾಗಿ ಕಳುಹಿಸುವ ಎಸ್‌ಆರ್-22 ಎಂಬ ಪ್ರಮಾಣಪತ್ರ ಸಲ್ಲಿಕೆಯಾಗದ ಹೊರತು ಲೈಸೆನ್ಸಿನ ಮಾತೇ ಇಲ್ಲ. ಲೈಸೆನ್ಸು ಅಮಾನತಿನಲ್ಲಿರುವವನಿಗೆ ವಿಮೆ ಕೊಡುವವರು ಯಾರು, ವಿಮೆಯಿಲ್ಲದವನಿಗೆ ಲೈಸೆನ್ಸು ಮರಳಿಸುವವರು ಯಾರು ಎಂಬ ಈ ಸುತ್ತಿನೊಳಗೆ ನಾನು ಸುಮಾರು ಐದು ವಾರ ತಿರುಗಿದೆ. ಅದರಿಂದ ಹೊರಬಂದ ಬಗೆಯನ್ನು, ನಡುವೆ ಮಾಡಿದ ಒಂದು ದೊಡ್ಡ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಅಮಾನತು ಎಂದೊಡನೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಕುಡಿದು ಓಡಿಸಿರಬೇಕು ಎಂಬ ಅನುಮಾನ. ನನ್ನದು ಆ ಬಗೆಯದಲ್ಲ. 2023ರ ಆಗಸ್ಟ್ ಕೊನೆಯಲ್ಲಿ ತಾಯಿಯವರ ಶಸ್ತ್ರಚಿಕಿತ್ಸೆಗೆಂದು ನಾನೂ ನನ್ನ ಪತ್ನಿಯೂ ಭಾರತಕ್ಕೆ ಹೋಗಿದ್ದೆವು. ವಿಮೆಯ ಕಂತು ಪ್ರತಿ ತಿಂಗಳು ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಏರ್ಪಾಡು ಇತ್ತು. ಆ ನಡುವೆ ಕಾರ್ಡಿನ ಅವಧಿ ಮುಗಿದು, ಹೊಸ ಕಾರ್ಡು ಟಪಾಲು ಪೆಟ್ಟಿಗೆಯಲ್ಲಿ ಬಂದು ಕುಳಿತಿತ್ತು. ಹಳೆಯ ಕಾರ್ಡಿನಿಂದ ಹಣ ಹೋಗಲಿಲ್ಲ. ಹತ್ತು ದಿನಗಳ ಮುನ್ಸೂಚನೆಯ ಪತ್ರವೂ ಅದೇ ಪೆಟ್ಟಿಗೆಗೆ ಬಂದಿತು. ಹನ್ನೊಂದನೆಯ ದಿನ ಪಾಲಿಸಿ ರದ್ದಾಯಿತು. ನವೆಂಬರ್ ಮೊದಲ ವಾರದಲ್ಲಿ ಮರಳಿ ಬಂದಾಗ ಎರಡು ತಿಂಗಳ ಟಪಾಲು ಒಂದು ಚೀಲದಷ್ಟಿತ್ತು. ವಾರಾಂತ್ಯದಲ್ಲಿ ನೋಡೋಣವೆಂದು ಅದನ್ನು ಬದಿಗಿಟ್ಟು, ಬಂದ ನಾಲ್ಕನೆಯ ದಿನ ಕೆಲಸಕ್ಕೆ ಕಾರು ತೆಗೆದುಕೊಂಡು ಹೋದೆ. ಕೆಂಪು ದೀಪಕ್ಕೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಬಂದ ಇನ್ನೊಂದು ಕಾರು ಗುದ್ದಿತು.

ತಪ್ಪು ಸಂಪೂರ್ಣವಾಗಿ ಹಿಂದಿನವರದು, ಅವರೂ ಅದನ್ನು ಅಲ್ಲಿಯೇ ಒಪ್ಪಿಕೊಂಡರು. ನನ್ನ ಫೋನಿನಲ್ಲಿದ್ದ ವಿಮೆಯ ಗುರುತಿನ ಚೀಟಿಯನ್ನು ತೋರಿಸಿದೆ. ಅದರ ಮೇಲೆ ಮುಂದಿನ ಜನವರಿಯವರೆಗೂ ಚಾಲ್ತಿ ಎಂದೇ ಅಚ್ಚಾಗಿತ್ತು. ಪಾಲಿಸಿ ಸತ್ತರೂ ಚೀಟಿ ಸಾಯುವುದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಪಘಾತದಿಂದ ಯಾರಿಗಾದರೂ ಗಾಯವಾಗಿದ್ದರೆ, ಅಥವಾ ಆಸ್ತಿಗೆ 1,000 ಡಾಲರಿಗಿಂತ ಹೆಚ್ಚು ಹಾನಿಯಾಗಿದ್ದರೆ, ತಪ್ಪು ಯಾರದ್ದೇ ಆಗಿದ್ದರೂ ಭಾಗಿಯಾದ ಪ್ರತಿಯೊಬ್ಬ ಚಾಲಕರೂ 10 ದಿನಗಳೊಳಗೆ ಎಸ್‌ಆರ್-1 ಎಂಬ ವರದಿಯನ್ನು ಡಿಎಂವಿಗೆ ಕೊಡಬೇಕು. ಈಗಿನ ಬಂಪರುಗಳೊಳಗೆ ಕ್ಯಾಮೆರಾ, ಸಂವೇದಕಗಳೆಲ್ಲ ಇರುವುದರಿಂದ ಸಾವಿರ ಡಾಲರು ದಾಟಲು ದೊಡ್ಡ ಪೆಟ್ಟೇನೂ ಬೇಕಿಲ್ಲ. ವರದಿಯಲ್ಲಿ ವಿಮೆಯ ವಿವರವನ್ನು ತುಂಬಿದೆ. ಡಿಎಂವಿ ಅದನ್ನು ಕಂಪನಿಯೊಂದಿಗೆ ತಾಳೆ ನೋಡಿತು. ಅಪಘಾತದ ದಿನ ಆ ಪಾಲಿಸಿ ಜಾರಿಯಲ್ಲಿರಲಿಲ್ಲ ಎಂಬ ಉತ್ತರ ಬಂದಿತು.

ಈ ರಾಜ್ಯದ ನಿಯಮ ಇಷ್ಟು: ವಿಮೆಯಿಲ್ಲದೆ ಅಪಘಾತದಲ್ಲಿ ಸಿಕ್ಕಿದವರ ಚಾಲನಾ ಹಕ್ಕು ನಾಲ್ಕು ವರ್ಷಗಳವರೆಗೆ ಅಮಾನತಾಗುತ್ತದೆ. ಮೊದಲ ವರ್ಷ ಕಳೆದ ಮೇಲೆ, ಉಳಿದ ಮೂರು ವರ್ಷಗಳ ಕಾಲ ಎಸ್‌ಆರ್-22 ಪ್ರಮಾಣಪತ್ರವನ್ನು ಕೊಟ್ಟು, ಅದನ್ನು ಒಂದು ದಿನವೂ ಕಡಿಯದಂತೆ ಉಳಿಸಿಕೊಂಡರೆ ಆ ಅವಧಿಯಲ್ಲಿ ಲೈಸೆನ್ಸು ಮರಳಿ ಸಿಗುತ್ತದೆ. ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಕೆಲಸಕ್ಕೆ ಹೋಗಿಬರುವುದಕ್ಕಷ್ಟೇ ಅನ್ವಯಿಸುವ ನಿರ್ಬಂಧಿತ ಪರವಾನಗಿಯನ್ನು 250 ಡಾಲರ್ ದಂಡಶುಲ್ಕ ಕಟ್ಟಿ, ವಿಮೆಯ ಪುರಾವೆ ಒದಗಿಸಿ ಮೊದಲ ವರ್ಷದಲ್ಲಿಯೂ ಕೇಳಬಹುದಿತ್ತು. ನನ್ನ ಕೆಲಸ ಹೆಚ್ಚಾಗಿ ಮನೆಯಿಂದಲೇ ನಡೆಯುತ್ತಿದ್ದುದರಿಂದ ನಾನು ಅದರ ಗೋಜಿಗೆ ಹೋಗಲಿಲ್ಲ. ಇದರ ಜೊತೆಗೆ 1996ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 213 ಎಂಬ ಕಾನೂನಿದೆ: ವಿಮೆಯಿಲ್ಲದ ಚಾಲಕನಿಗೆ ಬೇರೆಯವರ ತಪ್ಪಿನಿಂದ ಪೆಟ್ಟಾದರೂ ವೈದ್ಯಕೀಯ ವೆಚ್ಚ, ಸಂಬಳದ ನಷ್ಟ ಮೊದಲಾದವನ್ನು ಬಿಟ್ಟು, ನೋವು ಅನುಭವಿಸಿದ್ದಕ್ಕೆ ಪರಿಹಾರ ಕೇಳುವಂತಿಲ್ಲ. ನನ್ನ ಕುತ್ತಿಗೆ ಎರಡು ತಿಂಗಳು ನೋಯಿತು. ಎದುರಿನವರ ವಿಮಾ ಕಂಪನಿಯು ಬಂಪರಿನ ಖರ್ಚನ್ನೂ ಫಿಸಿಯೋಥೆರಪಿಯ ಬಿಲ್ಲನ್ನೂ ಕೊಟ್ಟಿತು. ನೋವು ನನ್ನ ಪಾಲಿಗೇ ಉಳಿಯಿತು.

ಪಾಲಿಸಿ ರದ್ದಾದದ್ದರಿಂದ ಇನ್ನೊಂದು ಬೇರೆಯೇ ಅಮಾನತೂ ಬಂದಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇವೆರಡನ್ನೂ ಒಂದೇ ಎಂದು ತಿಳಿದು ನಾನು ಬಹಳ ಗೊಂದಲಪಟ್ಟೆ. ವಿಮೆ ರದ್ದಾದ ಸುದ್ದಿ ಕಂಪನಿಯಿಂದ ಡಿಎಂವಿಗೆ ಹೋದ ಮೇಲೆ 45 ದಿನಗಳೊಳಗೆ ಹೊಸ ಪಾಲಿಸಿಯ ವಿವರ ಬಾರದಿದ್ದರೆ ಕಾರಿನ ನೋಂದಣಿ ಅಮಾನತಾಗುತ್ತದೆ. ಇದು ಕಾರಿಗೆ ಸಂಬಂಧಿಸಿದ್ದು, ಮನುಷ್ಯನಿಗಲ್ಲ. ಹೊಸ ವಿಮೆಯ ಪುರಾವೆ ಮತ್ತು 14 ಡಾಲರ್ ಶುಲ್ಕ ಕೊಟ್ಟ ದಿನವೇ ಅದು ಬಗೆಹರಿಯಿತು. ದೀರ್ಘಕಾಲ ಊರಿಗೆ ಹೋಗುವವರು ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸದೆ, ಓಡಿಸದೆ ಇಡುವುದಾದರೆ ಡಿಎಂವಿಗೆ ಬಳಕೆಯಿಲ್ಲವೆಂಬ ಪ್ರಮಾಣಪತ್ರವನ್ನು ಮೊದಲೇ ಸಲ್ಲಿಸಿ ಈ ತೊಂದರೆಯನ್ನು ತಪ್ಪಿಸಿಕೊಳ್ಳಬಹುದು. ಆದರೆ ಚಾಲಕನ ಮೇಲಿನ ಅಮಾನತಿಗೆ ಇಂಥ ಸುಲಭದ ಬಾಗಿಲು ಯಾವುದೂ ಇರಲಿಲ್ಲ.

ಆ ಒಂದು ವರ್ಷ ಮನೆಯ ಕಾರನ್ನು ಪತ್ನಿಯೇ ಓಡಿಸಿದರು. ಅವರು ತಮ್ಮ ಹೆಸರಿನಲ್ಲಿ ಹೊಸ ಪಾಲಿಸಿ ತೆಗೆದುಕೊಂಡಾಗ ಕಂಪನಿಯವರು ಮನೆಯಲ್ಲಿರುವ ಉಳಿದ ವಯಸ್ಕರ ವಿವರ ಕೇಳಿ, ನನ್ನನ್ನು ಹೊರಗಿಟ್ಟ ಚಾಲಕ ಎಂದು ಹೆಸರು ಹಿಡಿದು ಬರೆಸಿ, ಅವರ ಸಹಿ ಪಡೆದುಕೊಂಡರು. ಅಂದರೆ ನಾನು ಆ ಕಾರನ್ನು ಓಡಿಸಿ ಏನಾದರೂ ಆದರೆ ಆ ಪಾಲಿಸಿಯಿಂದ ಒಂದು ಕಾಸೂ ಬರುವುದಿಲ್ಲ. ಲೈಸೆನ್ಸೇ ಇಲ್ಲದವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ, ಪ್ರೀಮಿಯಂ ಕೂಡ ಕಡಿಮೆಯಾಯಿತು. ಮುಂದೆ ನಾನು ಎಡವಿದ್ದು ಇದೇ ಸಹಿಯ ಮೇಲೆ.

ಈಗ ಎಸ್‌ಆರ್-22 ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಒಂದು ಬಗೆಯ ವಿಮೆ ಎಂದೇ ಬಹುತೇಕರು ತಿಳಿದಿದ್ದಾರೆ, ಜಾಹೀರಾತುಗಳೂ ಹಾಗೆಯೇ ಕರೆಯುತ್ತವೆ. ಅದು ವಿಮೆಯಲ್ಲ. ಈ ವ್ಯಕ್ತಿಗೆ ರಾಜ್ಯವು ವಿಧಿಸಿದ ಕನಿಷ್ಠ ಮೊತ್ತದ ಹೊಣೆಗಾರಿಕೆ ವಿಮೆಯನ್ನು, ಅಂದರೆ ಇವರ ತಪ್ಪಿನಿಂದ ಬೇರೆಯವರಿಗಾದ ಹಾನಿಯನ್ನು ತುಂಬಿಕೊಡುವ ವಿಮೆಯನ್ನು, ನಾವು ಕೊಟ್ಟಿದ್ದೇವೆ, ಅದು ನಿಂತುಹೋದರೆ ನಿಮಗೆ ತಿಳಿಸುತ್ತೇವೆ ಎಂದು ಕಂಪನಿಯು ಸರ್ಕಾರಕ್ಕೆ ಕೊಡುವ ಒಂದು ಹಾಳೆಯ ಮುಚ್ಚಳಿಕೆ ಅದು. ಕಂತು ತಪ್ಪಿ ಪಾಲಿಸಿ ರದ್ದಾದರೆ ಅದೇ ಕಂಪನಿ ಎಸ್‌ಆರ್-26 ಎಂಬ ಇನ್ನೊಂದು ಪತ್ರವನ್ನು ಕಳುಹಿಸುತ್ತದೆ, ಲೈಸೆನ್ಸು ಮತ್ತೆ ಅಮಾನತಾಗುತ್ತದೆ. ಸಲ್ಲಿಕೆಗೆ ಕಂಪನಿಗಳು ಪಡೆಯುವ ಶುಲ್ಕ ತೀರಾ ಸಣ್ಣದು. ನನ್ನಿಂದ 25 ಡಾಲರ್ ತೆಗೆದುಕೊಂಡರು. ದುಬಾರಿಯಾಗುವುದು ಹಾಳೆಯಲ್ಲ, ಆ ಹಾಳೆ ಬೇಕಾದವನನ್ನು ಕಂಪನಿ ನೋಡುವ ದೃಷ್ಟಿ.

ಆ ಕನಿಷ್ಠ ಮೊತ್ತವೂ ನಾನು ವಿಮೆ ಹುಡುಕುವ ಹೊತ್ತಿಗೆ ಬದಲಾಗಿತ್ತು. 1967ರಿಂದ ಅಲುಗಾಡದೆ ನಿಂತಿದ್ದ ಮಿತಿಗಳನ್ನು ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ಏರಿಸಿತು. ಒಬ್ಬರ ಗಾಯ ಅಥವಾ ಸಾವಿಗೆ 15,000 ಡಾಲರ್ ಇದ್ದದ್ದು 30,000 ಆಯಿತು, ಒಂದು ಅಪಘಾತದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಪೆಟ್ಟಾದರೆ ಒಟ್ಟು 30,000 ಇದ್ದದ್ದು 60,000 ಆಯಿತು, ಆಸ್ತಿ ಹಾನಿಗೆ 5,000 ಇದ್ದದ್ದು 15,000 ಆಯಿತು. 2035ರಲ್ಲಿ ಮತ್ತೊಮ್ಮೆ ಏರಲಿದೆ. ಐದು ಸಾವಿರ ಡಾಲರಿನಲ್ಲಿ ಇಂದು ಯಾವ ಕಾರಿನ ಮುಂಭಾಗವೂ ರಿಪೇರಿಯಾಗದು ಎನ್ನುವವರಿಗೆ ಈ ಏರಿಕೆ ತಡವಾಗಿಯೇ ಬಂದಿತೆನ್ನಿಸಬಹುದು. ನನ್ನ ಕೈಗೆ ಬಂದ ಪ್ರೀಮಿಯಂ ಪಟ್ಟಿಗಳಲ್ಲಿ ಮಾತ್ರ ಅದರ ಭಾರ ಎದ್ದು ಕಾಣುತ್ತಿತ್ತು.

ಮೊದಲ ಎರಡು ದಿನ ನಾನು ಹೆಸರಾಂತ ಕಂಪನಿಗಳ ಜಾಲತಾಣಗಳಲ್ಲಿ ವಿವರ ತುಂಬುತ್ತ ಕುಳಿತೆ. ಕಳೆದ ಐದು ವರ್ಷಗಳಲ್ಲಿ ನಿಮ್ಮ ಲೈಸೆನ್ಸು ಅಮಾನತಾಗಿತ್ತೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೊಡನೆ ಒಂದು ತಾಣ ಕ್ಷಮೆ ಕೇಳಿ ಮುಚ್ಚಿಕೊಂಡಿತು, ಇನ್ನೊಂದು ದೂರವಾಣಿ ಸಂಖ್ಯೆಯನ್ನು ಕೊಟ್ಟಿತು, ಮೂರನೆಯದು ಹಿಂದಿನ ಪ್ರೀಮಿಯಮ್ಮಿನ ಎರಡೂವರೆ ಪಟ್ಟು ಮೊತ್ತವನ್ನು ತೋರಿಸಿತು. ಒಬ್ಬ ಏಜೆಂಟರು, ಅಮಾನತು ಮುಗಿಯುತ್ತಲೇ ಬಂತಲ್ಲ, ಆ ಪ್ರಶ್ನೆಗೆ ಇಲ್ಲ ಎಂದೇ ಬರೆಯೋಣ ಎಂದು ಸಲಹೆ ಕೊಟ್ಟರು. ಅದನ್ನು ನಾನು ಒಪ್ಪಲಿಲ್ಲ, ಅದಕ್ಕೆ ಕಾರಣ ಸತ್ಯಸಂಧತೆಯೊಂದೇ ಅಲ್ಲ. ಪಾಲಿಸಿ ಕೊಡುವ ಮುನ್ನ ಕಂಪನಿಯು ಡಿಎಂವಿಯಿಂದ ಚಾಲನಾ ದಾಖಲೆಯನ್ನು ತರಿಸಿಕೊಂಡು ನೋಡಿಯೇ ನೋಡುತ್ತದೆ. ಅರ್ಜಿಯಲ್ಲಿ ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯನ್ನು ಆರಂಭದಿಂದಲೇ ಅಸಿಂಧುವೆಂದು ಸಾರಬಹುದು. ಆಗ ಎಸ್‌ಆರ್-22ರ ಆಧಾರವೇ ಕುಸಿದು, ನಾನು ಎಲ್ಲಿಂದ ಹೊರಟಿದ್ದೆನೋ ಅಲ್ಲಿಗೇ ಮರಳಿ ಬೀಳುತ್ತಿದ್ದೆ. ಇಂಥ ಸಲಹೆ ಕೊಡುವವರ ಕಮಿಷನ್ ಅಂದೇ ಬರುತ್ತದೆ, ತೊಂದರೆ ಬರುವುದು ನಮಗೆ.

ಮೂರನೆಯ ದಿನ ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು ತಮ್ಮ ಪರಿಚಯದ ಒಬ್ಬ ಸ್ವತಂತ್ರ ಬ್ರೋಕರಿನ ಬಳಿಗೆ ಕಳುಹಿಸಿದರು. ಒಂದೇ ಕಂಪನಿಗೆ ದುಡಿಯುವ ಏಜೆಂಟರಿಗೆ ಹೋಲಿಸಿದರೆ ಹತ್ತಾರು ಕಂಪನಿಗಳ ದರವನ್ನು ನೋಡಬಲ್ಲ ಬ್ರೋಕರು ಇಂಥ ಪ್ರಕರಣಕ್ಕೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ. ಅವರು ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಆ ಬ್ರೋಕರು, ಅರವತ್ತರ ಆಸುಪಾಸಿನ ಮಹಿಳೆ, ನನ್ನ ಕಥೆಯನ್ನು ಅರ್ಧದಲ್ಲಿಯೇ ತಡೆದು ಎರಡು ಪ್ರಶ್ನೆ ಕೇಳಿದರು: ನಿಮ್ಮ ದಾಖಲೆಯಲ್ಲಿ ಪಾಯಿಂಟು ಎಷ್ಟಿದೆ, ತಪ್ಪು ನಿಮ್ಮದಲ್ಲ ಎಂಬುದಕ್ಕೆ ಕಾಗದ ಇದೆಯೇ. ಪಾಯಿಂಟು ಎಂದರೆ ಸಂಚಾರ ನಿಯಮ ಮುರಿದದ್ದಕ್ಕೆ ಅಥವಾ ನಮ್ಮ ತಪ್ಪಿನಿಂದಾದ ಅಪಘಾತಕ್ಕೆ ಚಾಲನಾ ದಾಖಲೆಯಲ್ಲಿ ಬೀಳುವ ಕಪ್ಪು ಗುರುತು. ಎರಡು ಪ್ರಶ್ನೆಗಳಿಗೂ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸಿಕ್ಕ ಮೇಲೆ ಬನ್ನಿ ಎಂದು ಕಳುಹಿಸಿದರು.

ಡಿಎಂವಿಯ ಜಾಲತಾಣದಲ್ಲಿ 2 ಡಾಲರ್ ಕೊಟ್ಟರೆ ನಮ್ಮ ಚಾಲನಾ ದಾಖಲೆಯನ್ನು ನಾವೇ ತೆಗೆದುಕೊಳ್ಳಬಹುದು. ತೆಗೆದು ನೋಡಿದೆ. ಅಮಾನತಿನ ಉಲ್ಲೇಖವಿತ್ತು, ಅಪಘಾತದ ಉಲ್ಲೇಖವಿತ್ತು, ಪಾಯಿಂಟು ಒಂದೂ ಇರಲಿಲ್ಲ. ಅನಂತರ ವಿಮಾ ಕಂಪನಿಗಳು ನೋಡುವ ಕ್ಲೂ ಎಂಬ ವರದಿಯನ್ನು ಲೆಕ್ಸಿಸ್‌ನೆಕ್ಸಿಸ್ ಸಂಸ್ಥೆಯಿಂದ ತರಿಸಿಕೊಂಡೆ. ಏಳು ವರ್ಷಗಳವರೆಗಿನ ಕ್ಲೇಮುಗಳ ಚರಿತ್ರೆ ಅದರಲ್ಲಿರುತ್ತದೆ, ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಇನ್ನು ತಪ್ಪಿನ ಕಾಗದ. ಎದುರಿನವರ ವಿಮಾ ಕಂಪನಿಯು ಹಣ ಕೊಡುವಾಗ, ನಮ್ಮ ಗ್ರಾಹಕರದೇ ಸಂಪೂರ್ಣ ಹೊಣೆ ಎಂದು ಒಪ್ಪಿಕೊಂಡು ಒಂದು ಪತ್ರ ಬರೆದಿತ್ತು. ಒಂದೂವರೆ ವರ್ಷದ ಹಿಂದಿನ ಇಮೇಲುಗಳನ್ನು ತಡಕಾಡಿ ಅದನ್ನು ಹೊರತೆಗೆದೆ. ಈ ಒಂದು ಪುಟ ನನಗೆ ಉಳಿಸಿಕೊಟ್ಟ ಹಣ ಬೇರೆ ಯಾವ ಉಪಾಯದಿಂದಲೂ ಉಳಿಯುತ್ತಿರಲಿಲ್ಲ.

ಅದೇಕೆ ಎಂಬುದಕ್ಕೆ ಈ ರಾಜ್ಯದ ವಿಮಾ ಕಾನೂನಿನ ಒಂದು ವಿಶೇಷ ಕಾರಣ. 1988ರಲ್ಲಿ ಇಲ್ಲಿನ ಮತದಾರರು ಪ್ರೊಪೊಸಿಷನ್ 103ನ್ನು ಒಪ್ಪಿದರು. ಅದರ ಪ್ರಕಾರ ಕಾರು ವಿಮೆಯ ದರವನ್ನು ನಿರ್ಧರಿಸುವಾಗ ಮೊದಲ ತೂಕ ಚಾಲನಾ ಸುರಕ್ಷತೆಯ ದಾಖಲೆಗೆ, ಎರಡನೆಯದು ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ ಎಂಬುದಕ್ಕೆ, ಮೂರನೆಯದು ಎಷ್ಟು ವರ್ಷಗಳ ಚಾಲನಾ ಅನುಭವ ಎಂಬುದಕ್ಕೆ. ಉಳಿದ ಅಂಶಗಳೆಲ್ಲ ಇವುಗಳ ಹಿಂದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಬಳಸುವ ಕ್ರೆಡಿಟ್ ಅಂಕವನ್ನು ಇಲ್ಲಿ ಬಳಸುವಂತಿಲ್ಲ. ಅದಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದು ಮಾತು: ಹಿಂದೆ ವಿಮೆಯಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಹೆಚ್ಚು ದರ ವಿಧಿಸಬಾರದು ಎಂದು ಅದೇ ಕಾನೂನು ಹೇಳುತ್ತದೆ. ಸತತವಾಗಿ ವಿಮೆ ಉಳಿಸಿಕೊಂಡವರಿಗೆ ಕಂಪನಿ ಬದಲಿಸಿದರೂ ರಿಯಾಯಿತಿ ಕೊಡಲು ಅವಕಾಶವಿರಲಿ ಎಂದು 2010ರಲ್ಲಿ ಪ್ರೊಪೊಸಿಷನ್ 17 ಮತ್ತು 2012ರಲ್ಲಿ ಪ್ರೊಪೊಸಿಷನ್ 33 ಮತದಾರರ ಮುಂದೆ ಬಂದವು. ಹಾಗೆ ಮಾಡಿದರೆ ನಡುವೆ ವಿಮೆ ನಿಂತುಹೋದವರ ಮೇಲೆ ಹೊರೆ ಬೀಳುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು, ಎರಡೂ ಬಾರಿ ಪ್ರಸ್ತಾವ ಸೋತಿತು. 2012ರಲ್ಲಿ ನಾನು ಇದೇ ರಾಜ್ಯದಲ್ಲಿದ್ದೆ, ಆ ಜಾಹೀರಾತುಗಳನ್ನು ಟೀವಿಯಲ್ಲಿ ನೋಡಿ ಇದು ಯಾರಿಗೆ ಬೇಕು ಎಂದು ಚಾನೆಲ್ ಬದಲಿಸಿದ್ದು ಚೆನ್ನಾಗಿ ನೆನಪಿದೆ.

ಹಾಗೆಯೇ ಒಬ್ಬ ಚಾಲಕನ ಮೇಲೆ ಅಪಘಾತವನ್ನು ಹೊರಿಸಬೇಕಾದರೆ ಅದರಲ್ಲಿ ಅವನ ತಪ್ಪು ಕನಿಷ್ಠ ಶೇ. 51ರಷ್ಟಿರಬೇಕು. ನನ್ನದು ಸೊನ್ನೆ. ಮೂರು ವರ್ಷಗಳಿಂದ ಲೈಸೆನ್ಸು ಹೊಂದಿದ್ದು, ಆ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟು ಇಲ್ಲದ ಚಾಲಕನಿಗೆ ಕನಿಷ್ಠ ಶೇ. 20ರಷ್ಟು ಉತ್ತಮ ಚಾಲಕ ರಿಯಾಯಿತಿ ದೊರೆಯಬೇಕು, ಅಂಥವನಿಗೆ ಯಾವ ಕಂಪನಿಯೂ ಆ ಪಾಲಿಸಿಯನ್ನು ನಿರಾಕರಿಸುವಂತಿಲ್ಲ. ಇಲ್ಲಿಯೇ ವಾದ ಹುಟ್ಟಿದ್ದು. ಒಂದು ಕಂಪನಿಯವರು ಅಮಾನತಿನ ವರ್ಷದಲ್ಲಿ ನೀವು ಲೈಸೆನ್ಸು ಹೊಂದಿರಲಿಲ್ಲ, ಹಾಗಾಗಿ ಮೂರು ವರ್ಷಗಳ ಎಣಿಕೆ ಮುರಿಯಿತು ಎಂದು ರಿಯಾಯಿತಿಯನ್ನು ಕಿತ್ತುಹಾಕಿದರು. ಇನ್ನೊಂದು ಕಂಪನಿಯವರು ಪಾಯಿಂಟು ಇಲ್ಲದ ದಾಖಲೆಯನ್ನೂ ಹೊಣೆ ಒಪ್ಪಿಕೊಂಡ ಪತ್ರವನ್ನೂ ನೋಡಿ ರಿಯಾಯಿತಿ ಕೊಟ್ಟರು. ಒಬ್ಬನೇ ಚಾಲಕ, ಒಂದೇ ದಾಖಲೆ, ಎರಡು ಪಟ್ಟಿಗಳ ನಡುವೆ ಆರು ತಿಂಗಳಿಗೆ ಆರುನೂರು ಡಾಲರುಗಳಿಗೂ ಹೆಚ್ಚಿನ ಅಂತರ. ಬ್ರೋಕರಮ್ಮ ಮೊದಲ ದಿನವೇ ಆ ಎರಡು ಪ್ರಶ್ನೆಗಳನ್ನು ಏಕೆ ಕೇಳಿದರೆಂಬುದು ಆಗ ಅರ್ಥವಾಯಿತು. ಅಮಾನತಾಗಿತ್ತು ಎಂದಷ್ಟೇ ಹೇಳಿಕೊಂಡು ಹೋದರೆ ಕುಡಿದು ಓಡಿಸಿದವನ ಸಾಲಿನಲ್ಲಿಯೇ ನಿಲ್ಲಿಸುತ್ತಾರೆ. ಯಾತಕ್ಕಾಗಿ ಅಮಾನತು ಎಂಬುದನ್ನು ಕಾಗದದ ಸಮೇತ ನಾವೇ ಮುಂದಿಡಬೇಕು. ಕುಡಿದು ಓಡಿಸಿ ಶಿಕ್ಷೆಯಾದವರಿಗೆ ಹತ್ತು ವರ್ಷ ಆ ರಿಯಾಯಿತಿ ಸಿಗುವುದಿಲ್ಲ, ಆ ಸಾಲು ಬೇರೆ.

ನನ್ನ ತಪ್ಪು ನಡೆದದ್ದು ಇದಕ್ಕೆ ಸ್ವಲ್ಪ ಮುಂಚೆ, ಬ್ರೋಕರನ್ನು ಎರಡನೆಯ ಬಾರಿ ಕಾಣುವ ಮೊದಲು. ಕಡಿಮೆ ಖರ್ಚಿನಲ್ಲಿ ಬೇಗ ಲೈಸೆನ್ಸು ಬರಲೆಂಬ ಆತುರದಲ್ಲಿ ನಾನೇ ಸ್ವಂತವಾಗಿ ಒಂದು ಪಾಲಿಸಿ ಕೊಂಡೆ. ಅದು ಸ್ವಂತ ಕಾರಿಲ್ಲದವರಿಗೆಂದು ಇರುವ ಪಾಲಿಸಿ: ಆಗೊಮ್ಮೆ ಈಗೊಮ್ಮೆ ಎರವಲು ಪಡೆದ ಅಥವಾ ಬಾಡಿಗೆಗೆ ತೆಗೆದುಕೊಂಡ ಕಾರನ್ನು ಓಡಿಸುವವನ ಹೊಣೆಗಾರಿಕೆಯನ್ನು ಅದು ಹೊರುತ್ತದೆ. ಕಾರು ಪತ್ನಿಯ ಹೆಸರಿನಲ್ಲಿದ್ದುದರಿಂದ ಕಾಗದದ ಮೇಲೆ ನಾನು ಕಾರಿಲ್ಲದವನೇ ಆಗಿದ್ದೆ. ಪ್ರೀಮಿಯಂ ತುಂಬಾ ಅಗ್ಗ. ಎಸ್‌ಆರ್-22 ಅಂದೇ ವಿದ್ಯುನ್ಮಾನ ಮಾರ್ಗದಲ್ಲಿ ಸಲ್ಲಿಕೆಯಾಯಿತು, ಶುಲ್ಕ ಕಟ್ಟಿದೆ, ಕೆಲವೇ ದಿನಗಳಲ್ಲಿ ಚಾಲನಾ ಹಕ್ಕು ಮರಳಿತು. ಸಂತೋಷದಿಂದ ಮನೆಯ ಕಾರಿನ ಬೀಗದ ಕೈ ತೆಗೆದುಕೊಂಡೆ. ಪತ್ನಿ ಬಾಗಿಲಲ್ಲಿಯೇ ನಿಲ್ಲಿಸಿ, ನನ್ನ ಪಾಲಿಸಿಯಲ್ಲಿ ನಿಮ್ಮನ್ನು ಹೊರಗಿಟ್ಟಿದೆಯಲ್ಲ, ಇದನ್ನು ಓಡಿಸಬಹುದೇ ಎಂದು ಕೇಳಿದರು.

ಪಾಲಿಸಿಯ ಹಾಳೆಗಳನ್ನು ಆಗಲೇ ಓದಿದ್ದು. ಮನೆಯವರ ಒಡೆತನದ, ನಿತ್ಯ ಬಳಕೆಗೆ ಸಿಗುವ ಕಾರನ್ನು ಓಡಿಸಿದರೆ ನನ್ನ ಹೊಸ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆಕೆಯ ಪಾಲಿಸಿಯಲ್ಲಿ ನಾನು ಹೆಸರು ಹಿಡಿದು ಹೊರಗಿಡಲ್ಪಟ್ಟವನು. ಕೈಯಲ್ಲಿ ಲೈಸೆನ್ಸು ಇದೆ, ಹೆಸರಿಗೆ ವಿಮೆ ಇದೆ, ಅಂಗಳದಲ್ಲಿ ಕಾರು ಇದೆ; ಆದರೆ ನಾನು ಆ ಕಾರನ್ನು ಓಡಿಸಿ ಅಪಘಾತವಾದರೆ ಎರಡು ಪಾಲಿಸಿಗಳಲ್ಲಿ ಯಾವುದೂ ಬರುವುದಿಲ್ಲ, ಮೊದಲ ಬಾರಿ ಯಾವ ಕಾರಣಕ್ಕೆ ಅಮಾನತಾಗಿತ್ತೋ ಅದೇ ಕಾರಣ ಮತ್ತೆ ನನ್ನ ತಲೆಯ ಮೇಲೆ ನಿಲ್ಲುತ್ತದೆ. ಬೀಗದ ಕೈಯನ್ನು ಮೊಳೆಗೆ ತಗುಲಿಸಿ ಮತ್ತೆ ಮೂರು ವಾರ ಬಸ್ಸಿನಲ್ಲಿ ಓಡಾಡಿದೆ. ಒಂಟಿಯಾಗಿದ್ದು, ಕಾರನ್ನು ಮಾರಿಬಿಟ್ಟು, ಲೈಸೆನ್ಸೊಂದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಈ ಬಗೆಯ ಪಾಲಿಸಿ ನಿಜವಾಗಿಯೂ ಒಳ್ಳೆಯದು. ಮನೆಯಲ್ಲಿ ಕಾರಿರುವ ಸಂಸಾರಸ್ಥರಿಗೆ ಅಲ್ಲ.

ಸರಿಯಾದ ದಾರಿ ಪತ್ನಿಯ ಪಾಲಿಸಿಯೊಳಗೆ ನನ್ನನ್ನು ಸೇರಿಸಿ ಅದರ ಮೇಲೆಯೇ ಎಸ್‌ಆರ್-22 ಮಾಡಿಸುವುದು. ಆಕೆಯ ಕಂಪನಿಯವರು ಎಸ್‌ಆರ್-22 ಸಲ್ಲಿಸುವ ವ್ಯವಹಾರವೇ ತಮ್ಮಲ್ಲಿಲ್ಲ ಎಂದರು. ಆದ್ದರಿಂದ ಇಬ್ಬರನ್ನೂ ಬ್ರೋಕರು ಹುಡುಕಿಕೊಟ್ಟ, ಉತ್ತಮ ಚಾಲಕ ರಿಯಾಯಿತಿಗೆ ಒಪ್ಪಿದ್ದ ಆ ಎರಡನೆಯ ಕಂಪನಿಗೆ ವರ್ಗಾಯಿಸಿದೆವು. ಬದಲಿಸುವಾಗ ಬ್ರೋಕರು ಒಂದು ಮಾತನ್ನು ಮೂರು ಸಲ ಹೇಳಿದರು: ಹೊಸ ಕಂಪನಿಯ ಪ್ರಮಾಣಪತ್ರ ಡಿಎಂವಿಯ ಕಡತದಲ್ಲಿ ಸೇರಿದೆಯೆಂದು ಖಚಿತಪಡಿಸಿಕೊಳ್ಳುವವರೆಗೆ ಹಳೆಯ ಪಾಲಿಸಿಯನ್ನು ಮುಟ್ಟಬೇಡಿ. ಇವತ್ತು ಹಳೆಯದು ನಿಂತು ನಾಳೆ ಹೊಸದು ಆರಂಭವಾದರೂ ನಡುವಿನ ಆ ಒಂದು ರಾತ್ರಿಯ ಲೆಕ್ಕ ಕಂಪ್ಯೂಟರಿಗೆ ಇರುತ್ತದೆ. ಹತ್ತು ದಿನ ಎರಡೂ ಪಾಲಿಸಿಗಳಿಗೆ ಹಣ ತೆತ್ತೆ. ಹೊಸದರ ದಾಖಲೆ ಕಂಡಿತೆಂದು ಡಿಎಂವಿಗೆ ಫೋನು ಮಾಡಿ ಕೇಳಿ ತಿಳಿದ ಮೇಲೆ ಅಗ್ಗದ ಪಾಲಿಸಿಯನ್ನು ನಿಲ್ಲಿಸಿದೆ. ಅಂತಿಮ ಪ್ರೀಮಿಯಂ ನನ್ನ ಹಳೆಯ ದಿನಗಳಿಗಿಂತ ಸುಮಾರು ಅರ್ಧದಷ್ಟು ಹೆಚ್ಚು. ಮೊದಲು ಕಂಡ ಎರಡೂವರೆ ಪಟ್ಟಿನ ಮುಂದೆ ಅದು ನನಗೆ ದಾನದಂತೆ ಕಂಡಿತು.

ಯಾವ ಕಂಪನಿಯೂ ಒಪ್ಪದಿದ್ದರೆ ಏನು ಗತಿ ಎಂಬ ಭಯ ಆ ವಾರಗಳಲ್ಲಿ ನನ್ನನ್ನು ಕಾಡಿತ್ತು. ಅದಕ್ಕೂ ಏರ್ಪಾಡಿದೆ: ಕಾರ್ಪ್ ಎಂದು ಕರೆಯುವ ಕ್ಯಾಲಿಫೋರ್ನಿಯಾದ ನಿಯೋಜಿತ ಅಪಾಯ ಯೋಜನೆಯಲ್ಲಿ, ಮುಕ್ತ ಮಾರುಕಟ್ಟೆಯಲ್ಲಿ ವಿಮೆ ಸಿಗದವರನ್ನು ರಾಜ್ಯದಲ್ಲಿ ವ್ಯವಹರಿಸುವ ಕಂಪನಿಗಳ ನಡುವೆ ಅವುಗಳ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ.

ಇದನ್ನು ಬೇರೆ ರಾಜ್ಯಗಳಲ್ಲಿರುವ ಗೆಳೆಯರಿಗೆ ಹೇಳಿದಾಗ ಒಬ್ಬೊಬ್ಬರ ನಿಯಮ ಒಂದೊಂದು ಬಗೆ ಎಂಬುದು ಗೊತ್ತಾಯಿತು. ಟೆಕ್ಸಸ್‌ನಲ್ಲಿ ಎಸ್‌ಆರ್-22 ಎರಡು ವರ್ಷ, ಅದೂ ಶಿಕ್ಷೆಯಾದ ದಿನದಿಂದ ಎಣಿಕೆ. ಫ್ಲಾರಿಡಾದಲ್ಲಿ ಕುಡಿದು ಓಡಿಸಿ ಶಿಕ್ಷೆಯಾದವರು ಎಫ್‌ಆರ್-44 ಎಂಬ ಬೇರೆಯ ಪ್ರಮಾಣಪತ್ರ ಕೊಡಬೇಕು. ಅದರ ಕನಿಷ್ಠ ಮಿತಿಯೇ ಒಬ್ಬರಿಗೆ 1,00,000 ಡಾಲರ್, ಒಂದು ಅಪಘಾತಕ್ಕೆ 3,00,000, ಆಸ್ತಿಗೆ 50,000. ನ್ಯೂಯಾರ್ಕಿನಲ್ಲಿ ಎಸ್‌ಆರ್-22 ಎಂಬುದೇ ಇಲ್ಲ. ಆದರೆ ಇಲ್ಲಿಂದ ಅಲ್ಲಿಗೆ ಮನೆ ಬದಲಿಸಿದ ಮಾತ್ರಕ್ಕೆ ಕ್ಯಾಲಿಫೋರ್ನಿಯಾದ ಕಟ್ಟು ಬಿಡುವುದಿಲ್ಲ. ಕೇಳಿದ ರಾಜ್ಯಕ್ಕೆ ಅವಧಿ ಮುಗಿಯುವವರೆಗೆ ಪ್ರಮಾಣಪತ್ರ ಹೋಗುತ್ತಲೇ ಇರಬೇಕು, ಆದ್ದರಿಂದ ಎರಡೂ ರಾಜ್ಯಗಳಲ್ಲಿ ವ್ಯವಹರಿಸಬಲ್ಲ ಕಂಪನಿಯನ್ನೇ ಹಿಡಿಯಬೇಕಾಗುತ್ತದೆ. ನಮಗೆ ಬೇರೆ ರಾಜ್ಯದಿಂದ ಕೆಲಸದ ಕರೆಯೊಂದು ಬಂದಾಗ ಈ ಲೆಕ್ಕವೂ ಚರ್ಚೆಗೆ ಬಂದಿತ್ತು.

ಈಗ ನಾನು ತಿಂಗಳ ಕಂತಿನ ಸಹವಾಸ ಬಿಟ್ಟಿದ್ದೇನೆ. ಆರು ತಿಂಗಳ ಪ್ರೀಮಿಯಮ್ಮನ್ನು ಒಂದೇ ಸಲ, ಕಾರ್ಡಿನಿಂದಲ್ಲದೆ ನೇರವಾಗಿ ಬ್ಯಾಂಕ್ ಖಾತೆಯಿಂದ, ಅವಧಿ ಮುಗಿಯುವ ಮೂರು ವಾರ ಮೊದಲೇ ಕಟ್ಟುತ್ತೇನೆ. ಕಂಪನಿಯ ಪತ್ರಗಳು ನನಗೂ ಪತ್ನಿಗೂ ಬೇರೆ ಬೇರೆ ಇಮೇಲಿಗೆ ಬರುವಂತೆ ಮಾಡಿದ್ದೇನೆ. ಊರಿಗೆ ಹೊರಡುವ ಮುನ್ನ ಅಂಚೆ ಕಚೇರಿಗೆ ಹೇಳಿ ಟಪಾಲನ್ನು ತಡೆಹಿಡಿಸುವುದರ ಬದಲು, ಪಕ್ಕದ ಮನೆಯವರಿಗೆ ಪೆಟ್ಟಿಗೆಯ ಕೀಲಿ ಕೊಟ್ಟು, ವಿಮೆ ಅಥವಾ ಡಿಎಂವಿಯ ಲಕೋಟೆ ಬಂದರೆ ಒಡೆದು ಫೋಟೋ ಕಳುಹಿಸಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಎಸ್‌ಆರ್-22ರ ಅವಧಿ 2028ರ ಮಾರ್ಚ್‌ವರೆಗೆ ಇದೆ. ಅವಧಿ ಮುಗಿಯಿತೆಂದು ನಾನೇ ಕ್ಯಾಲೆಂಡರ್ ನೋಡಿ ತೀರ್ಮಾನಿಸದೆ, ಮೊದಲು ಡಿಎಂವಿಗೆ ಫೋನು ಮಾಡಿ, ಇನ್ನು ಬೇಕಾಗಿಲ್ಲ ಎಂದು ಅವರ ಬಾಯಿಂದ ಕೇಳಿ, ಆಮೇಲಷ್ಟೇ ಕಂಪನಿಗೆ ಹೇಳಿ ತೆಗೆಸಬೇಕೆಂದು ಬ್ರೋಕರಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆ ಚೀಟಿ ಕಾರಿನ ಮುಂಭಾಗದ ಖಾನೆಯಲ್ಲಿ, ವಿಮೆಯ ಗುರುತಿನ ಚೀಟಿಯ ಕೆಳಗೆ ಇದೆ.